‘ಸ್ವಇಚ್ಛೆಯಿಂದ’ ಅಂತ ಬರೆದ ಕಾಗದಕ್ಕೆ ಸಹಿ ಹಾಕೋ ಮುಂಚೆ



ಇವತ್ತು ವಿಮಾನ ಪ್ರಯಾಣಿಕರ ಹಕ್ಕಿನ ಬಗ್ಗೆ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಆದರೂ ಪೂರ್ತಿ ಓದಿ.

ಮೊದಲ ಕಾಮೆಂಟ್ ಏನು ಬರುತ್ತೆ ಅಂತ ನನಗೆ ಗೊತ್ತು. “ಅಣ್ಣಾ, ನಮ್ಮ ಕೇರಿಗೆ ಬಸ್ಸೇ ಬರಲ್ಲ, ಹೆಣ ಹೂಳೋಕೆ ಜಾಗ ಇಲ್ಲ, ನೀವು ವಿಮಾನದ ಸೀಟಿನ ಬಗ್ಗೆ ಬರೀತೀರಾ?” ಪ್ರಶ್ನೆ ನ್ಯಾಯವಾಗಿದೆ. ಬಸ್ಸಿನ ಹೋರಾಟನೂ ನಮ್ಮದೇ, ಸ್ಮಶಾನದ ಹೋರಾಟನೂ ನಮ್ಮದೇ, ಅದನ್ನ ಬಿಟ್ಟಿಲ್ಲ, ಬಿಡೋದೂ ಇಲ್ಲ. ಆದರೆ ಇವತ್ತು ವಿಮಾನದಲ್ಲಿ ಯಾರು ಕೂತಿದ್ದಾರೆ ಅಂತ ಒಂದು ಸಲ ನೋಡಿ. ಪ್ರಬುದ್ಧ ಯೋಜನೆಯ ವಿದ್ಯಾರ್ಥಿವೇತನ ತಗೊಂಡು ಹೊರದೇಶಕ್ಕೆ ಓದೋಕೆ ಹೋಗೋ ನಮ್ಮ ಮಕ್ಕಳಿದ್ದಾರೆ. ಮಂಗಳೂರಿಂದ ಗಲ್ಫ್‌ಗೆ ದುಡಿಯೋಕೆ ಹೋಗೋರಿದ್ದಾರೆ. ದೆಹಲಿಗೆ ಸಂದರ್ಶನಕ್ಕೆ, ಧರಣಿಗೆ, ಕೋರ್ಟ್ ಕೆಲಸಕ್ಕೆ ಹೋಗೋರಿದ್ದಾರೆ. ಇವರಲ್ಲಿ ಬಹಳ ಜನ ಅವರ ಮನೆತನದಲ್ಲೇ ವಿಮಾನ ಹತ್ತಿದ ಮೊದಲನೆಯವರು. ಟಿಕೆಟ್ ದುಡ್ಡು ಸಾಲದ್ದೋ, ಗೆಳೆಯರು ಸೇರಿಸಿ ಕೊಟ್ಟದ್ದೋ ಆಗಿರುತ್ತೆ. ಇವರ ಸೀಟು ತಪ್ಪಿದರೆ ಸಂದರ್ಶನ ತಪ್ಪುತ್ತೆ, ವೀಸಾ ಅವಧಿ ಮುಗಿಯುತ್ತೆ, ಕೆಲಸ ಹೋಗುತ್ತೆ.

ಇನ್ನೊಂದು ಮಾತು. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚವದಾರ ಕೆರೆಗೆ ಹೋದದ್ದು ಆ ನೀರು ಕುಡಿಯದಿದ್ದರೆ ಜೀವ ಹೋಗುತ್ತೆ ಅಂತ ಅಲ್ಲ. ಎಲ್ಲರಿಗೂ ಇರೋ ಹಕ್ಕು ನಮಗೂ ಇದೆ ಅಂತ ತೋರಿಸೋಕೆ. ಕೆರೆ ಆಗಲೇ ಎಲ್ಲರಿಗೂ ತೆರೆದಿದೆ ಅಂತ ಪುರಸಭೆಯ ಠರಾವು ಇತ್ತು. ಕಾಗದದಲ್ಲಿ ಹಕ್ಕು ಇತ್ತು, ದಡದಲ್ಲಿ ಇರಲಿಲ್ಲ. ನಾನು ಇವತ್ತು ಹೇಳ್ತಿರೋದೂ ಕಾಗದದಲ್ಲಿದ್ದು ಕೌಂಟರಲ್ಲಿ ಇಲ್ಲದ ಒಂದು ಹಕ್ಕಿನ ಬಗ್ಗೆ.

ಪ್ರಯಾಣ ಅನ್ನೋದು ನಮಗೆ ಯಾವತ್ತೂ ಬರೀ ಪ್ರಯಾಣ ಆಗಿರಲಿಲ್ಲ. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅಂಬೇಡ್ಕರ್ ತಮ್ಮ ಬಾಲ್ಯದ ಪ್ರಯಾಣದ ಬಗ್ಗೆ ಬರೆದಿದ್ದಾರಲ್ಲ. ಮಸೂರು ಸ್ಟೇಷನ್ನಲ್ಲಿ ಇಳಿದ ಮಕ್ಕಳು, ಒಳ್ಳೆ ಬಟ್ಟೆ, ಕೈಯಲ್ಲಿ ದುಡ್ಡು. ಜಾತಿ ಗೊತ್ತಾದ ತಕ್ಷಣ ಗಾಡಿಯವರು ಯಾರೂ ಬರಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನೂ ಮಕ್ಕಳೇ ಹೊಡೆಯೋ ಹಾಗಾಯ್ತು. ದುಡ್ಡು ಕೊಟ್ಟರೂ ಹಕ್ಕು ಸಿಗಲಿಲ್ಲ. ಇವತ್ತು ಏರ್‌ಪೋರ್ಟ್ ಕೌಂಟರಲ್ಲಿ ಯಾರೂ ಜಾತಿ ಕೇಳಲ್ಲ, ಅದು ನಿಜ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋಕೆ ನಾನು ಹೋಗಲ್ಲ. ಆದರೆ ಆ ಕೌಂಟರಲ್ಲಿ ಯಾರು ಗಟ್ಟಿಯಾಗಿ ಕೇಳ್ತಾರೆ, ಯಾರು ತಲೆ ತಗ್ಗಿಸಿ ಪಕ್ಕಕ್ಕೆ ಸರೀತಾರೆ ಅನ್ನೋದರಲ್ಲಿ ಜಾತಿ ಇದೆ. ತಲೆಮಾರುಗಳಿಂದ “ಸುಮ್ನಿರು” ಅಂತ ಕಲಿಸಿದ ಮೈ ಅದು. ಅಷ್ಟು ಬೇಗ ನೆಟ್ಟಗೆ ನಿಲ್ಲಲ್ಲ.

ಈಗ ವಿಷಯಕ್ಕೆ ಬರ್ತೀನಿ.

ವಿಮಾನ ಕಂಪನಿಗಳು ಇರೋ ಸೀಟಿಗಿಂತ ಹೆಚ್ಚು ಟಿಕೆಟ್ ಮಾರ್ತವೆ. ಇದಕ್ಕೆ ಓವರ್‌ಬುಕಿಂಗ್ ಅಂತಾರೆ. ಪ್ರತಿ ವಿಮಾನಕ್ಕೂ ಕೆಲವರು ಬರದೇ ಉಳೀತಾರೆ, ಆ ಖಾಲಿ ಸೀಟಿನ ನಷ್ಟ ತಪ್ಪಿಸೋಕೆ ಮೊದಲೇ ನಾಲ್ಕೈದು ಟಿಕೆಟ್ ಜಾಸ್ತಿ ಮಾರಿ ಇಡೋದು. ಎಲ್ಲರೂ ಬಂದ್ಬಿಟ್ರೆ? ಯಾರೋ ಕೆಲವರನ್ನ ಹತ್ತಿಸಲ್ಲ. ಇದು ಕಳ್ಳತನ ಅಲ್ವಾ ಅಂತ ಕೇಳಬಹುದು. ನಮ್ಮ ದೇಶದ ನಿಯಮ ಇದನ್ನ ನಿಷೇಧಿಸಿಲ್ಲ, ಮಿತಿಯಲ್ಲಿ ಮಾಡಿಕೊಳ್ಳಿ ಅಂತ ಬಿಟ್ಟಿದೆ. ನಮಗೆ ಸಂವಿಧಾನ ಕೊಟ್ಟ ಮೀಸಲು ಸೀಟಿಗೆ ದಿನಬೆಳಗಾದರೆ ಲೆಕ್ಕ ಕೇಳೋರು, ದುಡ್ಡು ಕೊಟ್ಟು ಕಾಯ್ದಿರಿಸಿದ ಒಂದೇ ಸೀಟನ್ನ ಇಬ್ಬರಿಗೆ ಮಾರೋ ಕಂಪನಿಯನ್ನ ಮಾತ್ರ “ವ್ಯಾಪಾರದ ಜಾಣತನ” ಅಂತ ಹೊಗಳ್ತಾರೆ!

ಆದರೆ ಅದೇ ನಿಯಮ ಪ್ರಯಾಣಿಕರಿಗೂ ಒಂದಿಷ್ಟು ಹಕ್ಕು ಕೊಟ್ಟಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದ್ರೆ ಡಿಜಿಸಿಎ, 2010ರಲ್ಲಿ ಇದನ್ನ ತಂತು. ಆಮೇಲೆ ಕೆಲವು ಸಲ ತಿದ್ದುಪಡಿ ಆಗಿದೆ, 2016ರಲ್ಲಿ ಪರಿಹಾರದ ಮೊತ್ತ ಏರಿಸಿದರು. ಮುಖ್ಯವಾದದ್ದು ಇಷ್ಟು:

ಸೀಟು ಸಾಲದಿದ್ದರೆ ಕಂಪನಿ ಮೊದಲು ಕೇಳಬೇಕು: “ಯಾರಾದರೂ ಸ್ವಇಚ್ಛೆಯಿಂದ ಸೀಟು ಬಿಟ್ಟುಕೊಡ್ತೀರಾ? ಬದಲಿಗೆ ಇಷ್ಟು ಕೊಡ್ತೀವಿ.” ಯಾರೂ ಒಪ್ಪದೆ, ಟಿಕೆಟ್ ಇದ್ದು ಸಮಯಕ್ಕೆ ಬಂದ ಪ್ರಯಾಣಿಕನನ್ನ ಬಲವಂತವಾಗಿ ಬಿಟ್ಟರೆ ಪರಿಹಾರ ಕೊಡಬೇಕು. ನಿಗದಿಯಾದ ಸಮಯದಿಂದ 1 ಗಂಟೆ ಒಳಗೆ ಹೊರಡೋ ಬೇರೆ ವಿಮಾನದಲ್ಲಿ ಕಳಿಸಿದರೆ ಪರಿಹಾರ ಇಲ್ಲ. 24 ಗಂಟೆ ಒಳಗೆ ಹೊರಡೋ ವಿಮಾನದಲ್ಲಿ ಕಳಿಸಿದರೆ ಒಂದು ಕಡೆಯ ಮೂಲ ಟಿಕೆಟ್ ದರ ಮತ್ತು ಇಂಧನ ಶುಲ್ಕ ಸೇರಿಸಿ ಅದರ 2 ಪಟ್ಟು, ಗರಿಷ್ಠ 10,000 ರೂ. 24 ಗಂಟೆ ದಾಟಿದರೆ 4 ಪಟ್ಟು, ಗರಿಷ್ಠ 20,000 ರೂ. “ನಿಮ್ಮ ಬೇರೆ ವಿಮಾನವೇ ಬೇಡ” ಅಂದ್ರೆ ಟಿಕೆಟ್ಟಿನ ಪೂರ್ತಿ ದುಡ್ಡು ವಾಪಸ್, ಅದರ ಮೇಲೆ 4 ಪಟ್ಟು ಪರಿಹಾರ, ಗರಿಷ್ಠ 20,000 ರೂ.

ಇದು ಕಂಪನಿಯ ದಯೆ ಅಲ್ಲ. ನಿಯಮ.

ಹೋದ ವರ್ಷ ನಮ್ಮ ಸ್ಟಡಿ ಸರ್ಕಲ್ಲಿನ ಒಬ್ಬ ಹುಡುಗ, ಯಾದಗಿರಿ ಕಡೆಯವನು, ದೆಹಲಿಗೆ ಪಿಎಚ್‌ಡಿ ಸಂದರ್ಶನಕ್ಕೆ ಹೊರಟಿದ್ದ. ಪತ್ರ ಬಂದದ್ದು ಐದು ದಿನ ಮುಂಚೆ. ರೈಲಿನ ವೇಟಿಂಗ್ ಲಿಸ್ಟ್ ಕ್ಲಿಯರ್ ಆಗೋ ಹಾಗಿರಲಿಲ್ಲ. ಎಲ್ಲರೂ ಸೇರಿ 5,400 ರೂ. ಹೊಂದಿಸಿ ಬೆಂಗಳೂರಿಂದ ರಾತ್ರಿ ವಿಮಾನಕ್ಕೆ ಟಿಕೆಟ್ ಮಾಡಿಸಿದ್ವಿ. ಮೊಬೈಲಲ್ಲಿ ಚೆಕ್-ಇನ್ ಮಾಡೋಕೆ ಹೋದರೆ ಸೀಟಿಗೆ ಬೇರೆ ದುಡ್ಡು ತೋರಿಸ್ತು, “ಅಲ್ಲೇ ಹೋಗಿ ಮಾಡಿಸ್ತೀನಿ” ಅಂತ ಬಿಟ್ಟ. ಒಂದೂಮುಕ್ಕಾಲು ಗಂಟೆ ಮುಂಚೆ ಕೌಂಟರ್ ಮುಂದೆ ನಿಂತಿದ್ದ. “ಫ್ಲೈಟ್ ಫುಲ್ ಆಗಿದೆ, ಬೆಳಿಗ್ಗೆ 8 ಗಂಟೆ ವಿಮಾನಕ್ಕೆ ಹಾಕ್ತೀವಿ, ಇಲ್ಲಿ ಸಹಿ ಮಾಡಿ” ಅಂದರು. ಇಂಗ್ಲಿಷಲ್ಲಿ ಒಂದು ಪುಟದ ಫಾರ್ಮ್, ಹಿಂದೆ ಕ್ಯೂ, ಅವಸರ. ಹುಡುಗ ಸಹಿ ಹಾಕಿದ. ರಾತ್ರಿ ಏರ್‌ಪೋರ್ಟ್ ಕುರ್ಚಿ ಮೇಲೆ ಮಲಗಿದ. ಬೆಳಿಗ್ಗೆ 10ಕ್ಕೆ ದೆಹಲಿಯಲ್ಲಿ ಸಂದರ್ಶನ ಶುರುವಾದಾಗ ಅವನು ಆಕಾಶದಲ್ಲಿದ್ದ.

ಆ ಫಾರ್ಮಿನ ಫೋಟೊ ಅವನ ಮೊಬೈಲಲ್ಲಿತ್ತು, ಆಮೇಲೆ ಓದಿದ್ವಿ. ಅದರಲ್ಲಿದ್ದದ್ದು: ಪ್ರಯಾಣಿಕ ತನ್ನ ಸ್ವಇಚ್ಛೆಯಿಂದ ಮುಂದಿನ ವಿಮಾನಕ್ಕೆ ಬದಲಾಯಿಸಿಕೊಳ್ಳಲು ಒಪ್ಪಿದ್ದಾನೆ.

ನಿಯಮದ ಪ್ರಕಾರ ಅವನಿಗೆ ಎಷ್ಟು ಬರಬೇಕಿತ್ತು, ಲೆಕ್ಕ ನೋಡಿ. ಟಿಕೆಟ್ಟಿನಲ್ಲಿ ಮೂಲ ದರ, ಇಂಧನ ಶುಲ್ಕ ಸೇರಿ 4,100 ರೂ. ಬೆಳಗಿನ ವಿಮಾನ ಹತ್ತಿದ್ದರಿಂದ ಅದರ 2 ಪಟ್ಟು, 8,200 ರೂ. “ಸಂದರ್ಶನವೇ ತಪ್ಪೋದಾದರೆ ಈ ವಿಮಾನ ತಗೊಂಡು ಏನು ಮಾಡಲಿ” ಅಂತ ಬೇಡ ಅಂದಿದ್ದರೆ 4 ಪಟ್ಟು, 16,400 ರೂ., ಜೊತೆಗೆ ಟಿಕೆಟ್ಟಿನ 5,400 ರೂ. ವಾಪಸ್. ಒಟ್ಟು 21,800 ರೂ. ಅವನಿಗೆ ಸಿಕ್ಕಿದ್ದು ಸೊನ್ನೆ. ದೂರು ಕೊಟ್ಟರೆ ಕಂಪನಿಯಿಂದ ಬಂದ ಉತ್ತರ ಎರಡೇ ಸಾಲು: “ಪ್ರಯಾಣಿಕರೇ ಒಪ್ಪಿ ಸಹಿ ಮಾಡಿದ್ದಾರೆ.” ಈಗ ಗ್ರಾಹಕ ಆಯೋಗದಲ್ಲಿ ಕೇಸ್ ನಡೀತಿದೆ. ತಪ್ಪಿಹೋದ ಸಂದರ್ಶನಕ್ಕೆ ಯಾವ ಆಯೋಗದಲ್ಲೂ ಬೆಲೆ ಕಟ್ಟೋಕಾಗಲ್ಲ.

ಈ “ಸ್ವಇಚ್ಛೆ” ಅನ್ನೋ ಪದ ನಮಗೆ ಹೊಸದಲ್ಲ ಗೆಳೆಯರೇ. ಊರಲ್ಲಿ ಕೇಳಿ, “ದೇವಸ್ಥಾನದ ಒಳಗೆ ಅವರಾಗೇ ಬರಲ್ಲ ಸ್ವಾಮಿ, ನಾವೇನೂ ತಡೆದಿಲ್ಲ” ಅಂತಾರೆ. ದೌರ್ಜನ್ಯದ ಕೇಸಲ್ಲಿ ಪಂಚಾಯ್ತಿ ಕಟ್ಟೆ ಮೇಲೆ ಕೂರಿಸಿ ರಾಜಿ ಪತ್ರ ಬರೆಸ್ತಾರೆ, ಕೆಳಗೆ “ನನ್ನ ಸ್ವಇಚ್ಛೆಯಿಂದ, ಯಾರ ಒತ್ತಡವೂ ಇಲ್ಲದೆ” ಅಂತ ಒಂದು ಸಾಲು ಇದ್ದೇ ಇರುತ್ತೆ. ಏನು ಬಿಟ್ಟುಕೊಡ್ತಿದ್ದೀನಿ ಅಂತ ಗೊತ್ತಿಲ್ಲದೆ, ಬೇಡ ಅನ್ನೋ ದಾರಿ ಇದೆ ಅಂತ ಗೊತ್ತಿಲ್ಲದೆ ಹಾಕಿದ ಸಹಿ ಒಪ್ಪಿಗೆ ಹೇಗಾಗುತ್ತೆ? ಹಕ್ಕಿನ ಬಗ್ಗೆ ಹೇಳದೇ ಇರೋದು, ಆಮೇಲೆ ಸಹಿ ತೋರಿಸೋದು: ರಾಜಿ ಪತ್ರದ ತಂತ್ರವೇ ಇದು. ಕಟ್ಟೆಗೆ ಏಸಿ ಹಾಕಿದ್ದಾರೆ ಅಷ್ಟೇ.

ಇದು ಒಬ್ಬನ ಕಥೆ ಅನ್ನೋರಿಗೆ ಸರ್ಕಾರಿ ದಾಖಲೆಯನ್ನೇ ಹೇಳ್ತೀನಿ. 2022ರ ಜೂನ್‌ನಲ್ಲಿ ಡಿಜಿಸಿಎ ಏರ್ ಇಂಡಿಯಾಗೆ 10 ಲಕ್ಷ ರೂ. ದಂಡ ಹಾಕಿತು. ಕಾರಣ ಏನು? ಟಿಕೆಟ್ ಇದ್ದೋರನ್ನ ಹತ್ತಿಸದೆ, ಕೊಡಬೇಕಾದ ಪರಿಹಾರವನ್ನೂ ಕೊಡದೇ ಇದ್ದದ್ದು. ಆ ತಪಾಸಣೆ ನಡೆದ ಊರುಗಳಲ್ಲಿ ನಮ್ಮ ಬೆಂಗಳೂರೂ ಒಂದು. 2023ರ ನವೆಂಬರ್‌ನಲ್ಲಿ ಪ್ರಯಾಣಿಕರ ಸೌಲಭ್ಯದ ಇದೇ ನಿಯಮಗಳನ್ನ ಪಾಲಿಸಿಲ್ಲ ಅಂತ ಮತ್ತೆ 10 ಲಕ್ಷ. 2023ರ ಜನವರಿಯಲ್ಲಿ ಗೋ ಫಸ್ಟ್ ಕಂಪನಿಯ ದೆಹಲಿ ವಿಮಾನ 55 ಪ್ರಯಾಣಿಕರನ್ನ ಬೆಂಗಳೂರಿನ ರನ್‌ವೇ ಹತ್ತಿರದ ಬಸ್ಸಲ್ಲೇ ಬಿಟ್ಟು ಹಾರಿಹೋದದ್ದು ನೆನಪಿದೆಯಲ್ಲ? ಅದಕ್ಕೂ 10 ಲಕ್ಷ ದಂಡ. ಇದರಲ್ಲಿ ಒಂದು ಸಂಗತಿ ಗಮನಿಸಿ. ದಂಡದ ದುಡ್ಡು ಸರ್ಕಾರದ ಬೊಕ್ಕಸಕ್ಕೆ ಹೋಗುತ್ತೆ. ಸೀಟು ಕಳಕೊಂಡವನ ಖಾತೆಗೆ ಅದರಲ್ಲಿ ಒಂದು ಪೈಸೆ ಬರಲ್ಲ.

ಡಿಜಿಸಿಎ ಪ್ರತಿ ತಿಂಗಳು ಒಂದು ವರದಿ ಹಾಕುತ್ತೆ. ಎಷ್ಟು ಜನರನ್ನ ಹತ್ತಿಸಲಿಲ್ಲ, ಎಷ್ಟು ವಿಮಾನ ರದ್ದಾಯ್ತು, ಕಂಪನಿಗಳು ಪರಿಹಾರ, ಸೌಲಭ್ಯಕ್ಕೆ ಎಷ್ಟು ಲಕ್ಷ ಖರ್ಚು ಮಾಡಿದವು ಅಂತ ಅದರಲ್ಲಿರುತ್ತೆ. ಆದರೆ ನಮ್ಮ ಹುಡುಗನಂತೆ “ಸ್ವಇಚ್ಛೆ” ಪಟ್ಟಿಗೆ ಸೇರಿಹೋದವರು ಆ ಅಂಕಿಯಲ್ಲಿ ಎಲ್ಲಿರ್ತಾರೆ? ಕೇಳದೇ ಇದ್ದವರ ಲೆಕ್ಕ ಇಡೋ ಕಾಲಂ ಯಾವ ವರದಿಯಲ್ಲೂ ಇಲ್ಲ.

ಈಗ ರದ್ದು ಮತ್ತು ವಿಳಂಬದ ವಿಷಯ.

ವಿಮಾನ ರದ್ದಾದರೆ ಬೇರೆ ವಿಮಾನ ಅಥವಾ ಪೂರ್ತಿ ದುಡ್ಡು ವಾಪಸ್, ಯಾವುದು ಬೇಕು ಅಂತ ಹೇಳೋ ಹಕ್ಕು ನಿಮ್ಮದು. ಮುಂಚೆ ತಿಳಿಸದೇ ರದ್ದು ಮಾಡಿದರೆ ಅದರ ಮೇಲೆ ಪರಿಹಾರ: 1 ಗಂಟೆವರೆಗಿನ ಹಾರಾಟಕ್ಕೆ 5,000 ರೂ., 1ರಿಂದ 2 ಗಂಟೆಗೆ 7,500, ಅದಕ್ಕಿಂತ ಹೆಚ್ಚಿಗೆ 10,000. ಆದರೆ ಇಲ್ಲೊಂದು ಬಾಲಂಗೋಚಿ ಇದೆ. ಈ ಮೊತ್ತ ಅಥವಾ ನಿಮ್ಮ ಮೂಲ ಟಿಕೆಟ್ ದರ ಮತ್ತು ಇಂಧನ ಶುಲ್ಕ, ಎರಡರಲ್ಲಿ ಯಾವುದು ಕಡಿಮೆಯೋ ಅದು!

ಅಂದ್ರೆ ಏನು? ತಿಂಗಳು ಮುಂಚೆ ಲೆಕ್ಕ ಹಾಕಿ 1,800 ರೂಪಾಯಿಗೆ ಟಿಕೆಟ್ ತಗೊಂಡ ಬಡವನಿಗೆ ಸಿಗೋದು ಹೆಚ್ಚೆಂದರೆ 1,800. ಅದೇ ವಿಮಾನಕ್ಕೆ ಕೊನೇ ಗಳಿಗೆಯಲ್ಲಿ 9,000 ಕೊಟ್ಟವನಿಗೆ 5,000. ಇಬ್ಬರೂ ಕಳಕೊಂಡದ್ದು ಒಂದೇ ದಿನ, ಒಂದೇ ವಿಮಾನ. ಬೇರೆ ವಿಮಾನ ಹಿಡಿಯೋಕೆ ಇಬ್ಬರೂ ಕೊಡಬೇಕಾದ್ದು ಅವತ್ತಿನ ದುಬಾರಿ ದರವೇ. ಬಡವನ ಸಮಯಕ್ಕೆ ಅರ್ಧಕ್ಕಿಂತ ಕಡಿಮೆ ಬೆಲೆ ಅಂತ ನಿಯಮವೇ ಬರೆದಿಟ್ಟಿದೆ. ಯೂರೋಪಿನ ಒಕ್ಕೂಟದಲ್ಲಿ 2004ರ ನಿಯಮ ಪರಿಹಾರವನ್ನ ಟಿಕೆಟ್ ದರಕ್ಕೆ ಕಟ್ಟಿಲ್ಲ, ದೂರಕ್ಕೆ ಕಟ್ಟಿದೆ: 250ರಿಂದ 600 ಯೂರೋ. ಅಗ್ಗದ ಟಿಕೆಟ್ಟಾದರೂ ಅಷ್ಟೇ, ದುಬಾರಿ ಟಿಕೆಟ್ಟಾದರೂ ಅಷ್ಟೇ. 2009ರಲ್ಲಿ ಅಲ್ಲಿನ ನ್ಯಾಯಾಲಯ 3 ಗಂಟೆಗಿಂತ ತಡವಾಗಿ ತಲುಪಿದರೂ ಈ ಪರಿಹಾರ ಅನ್ವಯಿಸುತ್ತೆ ಅಂತ ಹೇಳಿತು.

ನಮ್ಮಲ್ಲಿ ತಡಕ್ಕೆ ದುಡ್ಡಿನ ಪರಿಹಾರ ಇಲ್ಲ. ಊಟ ತಿಂಡಿ ಇದೆ: ಎರಡೂವರೆ ಗಂಟೆವರೆಗಿನ ಹಾರಾಟ 2 ಗಂಟೆ ತಡ ಆದರೆ, ಎರಡೂವರೆಯಿಂದ 5 ಗಂಟೆಯ ಹಾರಾಟ 3 ಗಂಟೆ ತಡ ಆದರೆ, ಉಳಿದವಕ್ಕೆ 4 ಗಂಟೆ ತಡ ಆದರೆ. ದೇಶದೊಳಗಿನ ವಿಮಾನ 6 ಗಂಟೆಗಿಂತ ಹೆಚ್ಚು ತಡ ಅಂತಾದರೆ ಬೇರೆ ವಿಮಾನ ಅಥವಾ ಪೂರ್ತಿ ದುಡ್ಡು ವಾಪಸ್. 24 ಗಂಟೆ ದಾಟಿದರೆ ಹೋಟೆಲ್. ರಾತ್ರಿ 8ರಿಂದ ಬೆಳಗಿನ ಜಾವ 3ರ ಒಳಗೆ ಹೊರಡಬೇಕಿದ್ದ ವಿಮಾನ 6 ಗಂಟೆಗಿಂತ ಹೆಚ್ಚು ತಡ ಆದರೂ ಹೋಟೆಲ್. ಇದನ್ನ ಎಷ್ಟು ಜನಕ್ಕೆ ಹೇಳ್ತಾರೆ? ಕೇಳಿದವರಿಗೆ ಹೇಳ್ತಾರೆ.

ಇನ್ನು ತಪ್ಪಿಸಿಕೊಳ್ಳೋ ಬಾಗಿಲು. “ಅಸಾಧಾರಣ ಪರಿಸ್ಥಿತಿ” ಇದ್ದರೆ ಕಂಪನಿ ಪರಿಹಾರ ಕೊಡಬೇಕಿಲ್ಲ. ಪ್ರವಾಹ, ಗಲಭೆ, ಹವಾಮಾನ, ಭದ್ರತೆಯ ಅಪಾಯ ಸರಿ, ಒಪ್ಪೋಣ. ಮುಷ್ಕರ, ಕಾರ್ಮಿಕ ವಿವಾದ ಕೂಡ ಆ ಪಟ್ಟಿಯಲ್ಲಿದೆ. ಮಾಲೀಕ ತನ್ನ ಕೆಲಸಗಾರರ ಜೊತೆ ಜಗಳ ತಂದುಕೊಂಡರೆ ಅದು ಪ್ರಕೃತಿ ವಿಕೋಪನಾ?

2025ರ ಡಿಸೆಂಬರ್ ನೆನಪಿಸಿಕೊಳ್ಳಿ. ದೇಶದೊಳಗಿನ ವಿಮಾನಯಾನದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇರೋ ಇಂಡಿಗೋ ಸಾವಿರಾರು ವಿಮಾನ ರದ್ದು ಮಾಡಿತು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕಿಂತ ಹೆಚ್ಚು. ಪೈಲಟ್‌ಗಳಿಗೆ ಹೆಚ್ಚು ವಿಶ್ರಾಂತಿ ಕೊಡಬೇಕು, ರಾತ್ರಿ ಇಳಿಸೋದನ್ನ ಕಡಿಮೆ ಮಾಡಬೇಕು ಅನ್ನೋ ಹೊಸ ನಿಯಮದ ಎರಡನೇ ಹಂತ ನವೆಂಬರ್ 1ರಿಂದ ಜಾರಿಗೆ ಬಂದಿತ್ತು. ಅದು ರಾತ್ರೋರಾತ್ರಿ ಬಂದದ್ದಲ್ಲ, 2024ರ ಜನವರಿಯಲ್ಲೇ ಪ್ರಕಟವಾಗಿತ್ತು. ಕಂಪನಿ ಅದಕ್ಕೆ ತಕ್ಕಷ್ಟು ತಯಾರಾಗಲಿಲ್ಲ. ಬೇರೆ ಕಂಪನಿಗಳ ಟಿಕೆಟ್ ದರ ಗಗನಕ್ಕೇರಿ, ಕೊನೆಗೆ ಸರ್ಕಾರ 500 ಕಿ.ಮೀ.ವರೆಗೆ 7,500 ರೂ., 1,500 ಕಿ.ಮೀ. ದಾಟಿದರೆ 18,000 ರೂ. ಅಂತ ಮಿತಿ ಹಾಕಬೇಕಾಯ್ತು. ಅದೇ ಸರ್ಕಾರ ವಿಶ್ರಾಂತಿ ನಿಯಮದಿಂದ ಕಂಪನಿಗೆ ತಾತ್ಕಾಲಿಕ ವಿನಾಯಿತಿಯನ್ನೂ ಕೊಟ್ಟಿತು. ಯೋಚನೆ ಮಾಡಿ: ತಯಾರಾಗದೇ ಇದ್ದದ್ದು ಕಂಪನಿ, ನೆಲದ ಮೇಲೆ ಮಲಗಿದ್ದು ಪ್ರಯಾಣಿಕರು, ವಿಶ್ರಾಂತಿ ಕಳಕೊಂಡದ್ದು ಪೈಲಟ್‌ಗಳು.

ಇಲ್ಲಿ ನಮ್ಮವರು ಎಚ್ಚರ ಇರಬೇಕು. “ಪೈಲಟ್‌ಗಳಿಗೆ ರೆಸ್ಟ್ ಕೊಟ್ಟಿದ್ದಕ್ಕೇ ಹೀಗಾಯ್ತು” ಅಂತ ಆಗ ವಾಟ್ಸಾಪಲ್ಲಿ ಓಡಾಡ್ತಿತ್ತು. ದಿನಕ್ಕೆ ಎಂಟು ಗಂಟೆ ದುಡಿಮೆಗಾಗಿ ಕಾರ್ಮಿಕ ಮಂತ್ರಿಯಾಗಿ ಕೆಲಸ ಮಾಡಿದವರು ಬಾಬಾಸಾಹೇಬರು. ದುಡಿಯೋರ ವಿಶ್ರಾಂತಿಯನ್ನ ಪ್ರಯಾಣಿಕರ ಎದುರಿಗೆ ನಿಲ್ಲಿಸೋ ಆಟಕ್ಕೆ ನಾವು ಬೀಳಬಾರದು. ಹಾಗೇನೇ ಕೌಂಟರಲ್ಲಿ ಕೂತಿರೋ ಆ ತಂಗಿ, ಲಗೇಜ್ ಎತ್ತೋ ಆ ತಮ್ಮ, ಶೌಚಾಲಯ ತೊಳೆಯೋ ಆ ಅಕ್ಕ ನಿಮ್ಮ ಶತ್ರು ಅಲ್ಲ. ಬಹಳ ಜನ ಗುತ್ತಿಗೆ ಕೆಲಸಗಾರರು, ಅವರಲ್ಲಿ ನಮ್ಮ ಕೇರಿಯವರೂ ಇದ್ದಾರೆ. ಟಿಕೆಟ್ ಜಾಸ್ತಿ ಮಾರಿದ್ದು ಅವರಲ್ಲ. ಅವರ ಮೇಲೆ ಕೂಗಾಡಬೇಡಿ. “ಬರವಣಿಗೆಯಲ್ಲಿ ಕೊಡಿ, ನಿಮ್ಮ ಡ್ಯೂಟಿ ಮ್ಯಾನೇಜರನ್ನ ಕರೀರಿ” ಅಂತ ಗಟ್ಟಿಯಾಗಿ, ಮರ್ಯಾದೆಯಿಂದ ಕೇಳಿ.

ಈ ಹಕ್ಕುಗಳು ಯಾವ ದೇಶದಲ್ಲೂ ತಾನಾಗಿ ಬಂದಿಲ್ಲ. 1972ರಲ್ಲಿ ಅಮೆರಿಕದ ಗ್ರಾಹಕ ಹೋರಾಟಗಾರ ರಾಲ್ಫ್ ನೇಡರ್ ಒಂದು ಸಭೆಯಲ್ಲಿ ಮಾತಾಡೋಕೆ ಹೊರಟಿದ್ದರು. ಖಾತ್ರಿಯಾದ ಟಿಕೆಟ್ ಇತ್ತು, ಅಲೆಗೆನಿ ಏರ್‌ಲೈನ್ಸ್ ಹತ್ತಿಸಲಿಲ್ಲ. ಅವರು ಕೋರ್ಟಿಗೆ ಹೋದರು. ಜಾಸ್ತಿ ಟಿಕೆಟ್ ಮಾರೋ ಸಂಗತಿಯನ್ನ ಜನರಿಂದ ಮುಚ್ಚಿಟ್ಟಿದ್ದಕ್ಕೆ ಕಂಪನಿ ಮೇಲೆ ದಾವೆ ಹೂಡಬಹುದು ಅಂತ 1976ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. 1978ರಲ್ಲಿ, ಮೊದಲು ಸ್ವಇಚ್ಛೆಯಿಂದ ಬಿಡೋರನ್ನ ಕೇಳಲೇಬೇಕು ಅನ್ನೋ ನಿಯಮ ಬಂತು. ನೋಡಿ, “ಸ್ವಇಚ್ಛೆ” ಅನ್ನೋ ಪದ ಈ ವ್ಯವಹಾರಕ್ಕೆ ಬಂದದ್ದೇ ಪ್ರಯಾಣಿಕನನ್ನ ಕಾಪಾಡೋಕೆ. ಇವತ್ತು ಅದೇ ಪದ ಪ್ರಯಾಣಿಕನ ಬಾಯಿ ಮುಚ್ಚಿಸೋ ಕಾಗದ ಆಗಿದೆ.

ಈಗ ಕೆಲಸಕ್ಕೆ ಬರೋ ಮಾತು. ಇದನ್ನ ಮನೆಯಲ್ಲಿ ಮೊದಲ ಸಲ ವಿಮಾನ ಹತ್ತೋ ಪ್ರತಿಯೊಬ್ಬರಿಗೂ ಕಳಿಸಿ.

1. ಟಿಕೆಟ್ ಮಾಡುವಾಗ ನಿಮ್ಮದೇ ಮೊಬೈಲ್ ನಂಬರ್ ಕೊಡಿ, ಏಜೆಂಟಿನದ್ದಲ್ಲ. ನಿಮ್ಮ ನಂಬರ್ ಇಲ್ಲದಿದ್ದರೆ “ನಾವು ತಿಳಿಸೋಕೆ ಆಗಲಿಲ್ಲ” ಅಂತ ಪರಿಹಾರ ತಪ್ಪಿಸ್ತಾರೆ.

2. ಆನ್‌ಲೈನ್ ಚೆಕ್-ಇನ್ ತೆರೆದ ಕೂಡಲೇ ಮಾಡಿ. ದುಡ್ಡು ಕೇಳೋ ಸೀಟು ಬಿಟ್ಟು, ಉಚಿತ ಸೀಟು ಅಥವಾ ಸೀಟು ಆರಿಸದೆ ಮುಂದೆ ಹೋಗೋ ದಾರಿ ಇದೆಯಾ ನೋಡಿ. ಕೊನೆಗೆ ಚೆಕ್-ಇನ್ ಆಗೋರೇ ಸಾಮಾನ್ಯವಾಗಿ ಹೊರಗೆ ಉಳಿಯೋರು. ದೇಶದೊಳಗಿನ ವಿಮಾನಕ್ಕೆ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮುಂಚೆ ಮುಚ್ಚುತ್ತೆ. ತಡವಾಗಿ ಹೋದರೆ ಹಕ್ಕು ಕೇಳೋಕಾಗಲ್ಲ.

3. “ಫುಲ್ ಆಗಿದೆ” ಅಂದರೆ ನೀವು ಹೇಳಬೇಕಾದ ವಾಕ್ಯ ಇದು: “ನಾನು ಸ್ವಇಚ್ಛೆಯಿಂದ ಬಿಡ್ತಿಲ್ಲ. ನನಗೆ ಬೋರ್ಡಿಂಗ್ ನಿರಾಕರಿಸಿದ್ದೀರಿ ಅಂತ ಬರೆದು ಕೊಡಿ.” ಕನ್ನಡದಲ್ಲೇ ಹೇಳಿ, ಪರವಾಗಿಲ್ಲ.

4. ಓದದೆ ಯಾವ ಕಾಗದಕ್ಕೂ ಸಹಿ ಬೇಡ. ಸಹಿ ಹಾಕಲೇಬೇಕು ಅಂತ ಒತ್ತಾಯ ಬಂದರೆ ಸಹಿ ಮೇಲೆ “ಒಪ್ಪಿಗೆ ಇಲ್ಲ, ಪರಿಹಾರದ ಹಕ್ಕು ಬಿಟ್ಟಿಲ್ಲ” ಅಂತ ಕೈಯಲ್ಲಿ ಬರೆಯಿರಿ. ಫೋಟೊ ತೆಗೀರಿ.

5. ಟಿಕೆಟ್, ಮೆಸೇಜ್, ಬೋರ್ಡ್ ಮೇಲಿನ ಸಮಯ, ಊಟದ ಬಿಲ್, ಆಟೋ ಬಿಲ್ ಎಲ್ಲ ಇಟ್ಟುಕೊಳ್ಳಿ. ವೋಚರ್ ಕೊಟ್ಟರೆ “ದುಡ್ಡು ಬೇಕು” ಅಂತ ಹೇಳಿ. ವೋಚರ್ ಅಂದ್ರೆ ಇನ್ನೊಮ್ಮೆ ಅವರ ಅಂಗಡಿಗೇ ಬನ್ನಿ ಅಂತ.

6. ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು. ಆಮೇಲೆ ಸರ್ಕಾರದ ಏರ್‌ಸೇವಾ ಪೋರ್ಟಲ್. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

7. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಮಾಡೋ ಅಥವಾ ಕೆಲಸ ಮಾಡೋ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿ ಇರೋ ದೆಹಲಿಗೋ ಗುರುಗ್ರಾಮಕ್ಕೋ ಓಡಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಅವಧಿ 2 ವರ್ಷ. ಆನ್‌ಲೈನಲ್ಲೂ ಹಾಕಬಹುದು.

ಇಷ್ಟೆಲ್ಲ ಬರೆದ ಮೇಲೂ ನನ್ನ ಮಾತು ಇಲ್ಲಿಗೆ ಮುಗಿಯಲ್ಲ. ಯಾಕಂದ್ರೆ “ಹಕ್ಕು ತಿಳ್ಕೊಳ್ಳಿ, ಕೇಳಿ ಪಡೀರಿ” ಅಂತ ಹೇಳಿ ಕೈತೊಳ್ಕೊಳ್ಳೋದು ಸುಲಭ. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಇಡೀ ಸಂವಿಧಾನದ ಹೃದಯ ಮತ್ತು ಆತ್ಮ ಅಂತ ಕರೆದದ್ದು ಯಾವ ವಿಧಿಯನ್ನ? ಇವತ್ತಿನ 32ನೇ ವಿಧಿಯನ್ನ. ಹಕ್ಕಿಗೆ ಧಕ್ಕೆ ಬಂದರೆ ನೇರ ಸುಪ್ರೀಂ ಕೋರ್ಟಿಗೆ ಹೋಗಬಹುದು ಅನ್ನೋ ವಿಧಿ ಅದು. ಪರಿಹಾರದ ದಾರಿ ಇಲ್ಲದ ಹಕ್ಕು ಹಕ್ಕೇ ಅಲ್ಲ ಅನ್ನೋದು ಅವರು ನಮಗೆ ಬಿಟ್ಟುಹೋದ ಅಳತೆಗೋಲು. ಆ ಅಳತೆಗೋಲು ಇಟ್ಟು ನೋಡಿ. ಇಂಗ್ಲಿಷ್ ಬಂದವನಿಗೆ, ಧೈರ್ಯ ಇದ್ದವನಿಗೆ, ಎರಡು ವರ್ಷ ಕೇಸ್ ನಡೆಸೋ ಪುರುಸೊತ್ತು ಇದ್ದವನಿಗೆ ಮಾತ್ರ ಸಿಗೋದು ಹಕ್ಕಲ್ಲ, ಸವಲತ್ತು.

ಅದಕ್ಕೇ ನಮ್ಮ ಒತ್ತಾಯ ಇಷ್ಟು.

ಒಂದು, ಪರಿಹಾರ ಕೇಳದೇನೇ ಬರಬೇಕು. ಯಾರನ್ನ ಹತ್ತಿಸಲಿಲ್ಲ, ಯಾವ ವಿಮಾನ ರದ್ದಾಯ್ತು ಅಂತ ಕಂಪನಿಯ ಕಂಪ್ಯೂಟರಿಗೆ ಆ ಕ್ಷಣಕ್ಕೇ ಗೊತ್ತು. ಟಿಕೆಟ್ ದುಡ್ಡು ಹೊಡ್ಕೊಂಡ ಖಾತೆ ಯಾವುದು ಅಂತಾನೂ ಗೊತ್ತು. ಅದೇ ಖಾತೆಗೆ ತಾನಾಗಿ ಹಾಕಲಿ.

ಎರಡು, ಪರಿಹಾರ ಟಿಕೆಟ್ ದರಕ್ಕೆ ಅಲ್ಲ, ದೂರಕ್ಕೆ ಕಟ್ಟಲಿ. 2016ರಲ್ಲಿ ಉಡಾನ್ ಯೋಜನೆ ತಂದಾಗ ಹವಾಯಿ ಚಪ್ಪಲಿ ಹಾಕೋರೂ ವಿಮಾನ ಹತ್ತಬೇಕು ಅಂದರು. ಒಂದು ಗಂಟೆ ಹಾರಾಟಕ್ಕೆ ಸುಮಾರು 2,500 ರೂ. ಅಂತ ಮಿತಿ ಹಾಕಿದರು. ಕಲಬುರಗಿಯಲ್ಲಿ 2019ರಲ್ಲಿ, ಬೀದರ್‌ನಲ್ಲಿ 2020ರಲ್ಲಿ, ಶಿವಮೊಗ್ಗದಲ್ಲಿ 2023ರಲ್ಲಿ ವಿಮಾನ ಹಾರಿತು. ಒಳ್ಳೆಯದು. ಆದರೆ ಹವಾಯಿ ಚಪ್ಪಲಿಯವನನ್ನ ಕೆಳಗೆ ಬಿಟ್ಟರೆ ಅವನಿಗೆ ಚಪ್ಪಲಿ ಲೆಕ್ಕದಲ್ಲೇ ಪರಿಹಾರ, ಬೂಟಿನವನಿಗೆ ಬೂಟಿನ ಲೆಕ್ಕದಲ್ಲಿ ಅಂದರೆ ಅದು ಯಾವ ಸಮಾನತೆ?

ಮೂರು, ಸ್ವಇಚ್ಛೆಯ ಫಾರ್ಮಿನಲ್ಲಿ, ಸಹಿ ಹಾಕದಿದ್ದರೆ ಎಷ್ಟು ಪರಿಹಾರ ಸಿಗುತ್ತೆ ಅನ್ನೋ ಮೊತ್ತ ಮೇಲೆ ದಪ್ಪಕ್ಷರದಲ್ಲಿ ಇರಲಿ. ಕರ್ನಾಟಕದ ಏರ್‌ಪೋರ್ಟುಗಳಲ್ಲಿ ಅದು ಕನ್ನಡದಲ್ಲಿರಲಿ. ಆ ಸಾಲು ಇಲ್ಲದ ಸಹಿಗೆ ಬೆಲೆ ಇರಬಾರದು.

ನಾಲ್ಕು, ಕಂಪನಿಯ ಕೈಯಲ್ಲಿದ್ದ ಕಾರಣಗಳು, ಅಂದ್ರೆ ಸಿಬ್ಬಂದಿ ಕೊರತೆ, ಕಾರ್ಮಿಕರ ಜೊತೆಗಿನ ವಿವಾದ, “ಅಸಾಧಾರಣ” ನೆಪದಿಂದ ಹೊರಗೆ ಬರಲಿ.

ಐದು, ಇದು ನಮ್ಮ ರಾಜ್ಯ ಸರ್ಕಾರಕ್ಕೆ. ಸಮಾಜ ಕಲ್ಯಾಣ ಇಲಾಖೆ ಹೊರದೇಶಕ್ಕೆ ಕಳಿಸೋ ಪ್ರತಿ ವಿದ್ಯಾರ್ಥಿಗೂ ಹೊರಡೋ ಮುಂಚೆ ಈ ಹಕ್ಕುಗಳನ್ನ ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಿ ಕೊಡಲಿ. ಅದಕ್ಕೆ ದೊಡ್ಡ ಬಜೆಟ್ ಬೇಕಿಲ್ಲ, ಮನಸ್ಸು ಬೇಕು.

ಈ ಐದರಲ್ಲಿ ಒಂದೂ ಕ್ರಾಂತಿಯಲ್ಲ. ಬೇರೆ ದೇಶಗಳಲ್ಲಿ ಇರೋದು, ನಮ್ಮ ನಿಯಮದಲ್ಲಿ ಅರ್ಧ ಬರೆದಿರೋದು. ಹಳ್ಳಿಯಲ್ಲಿ ನಮ್ಮವರ ಕೈಲಿ ರಾಜಿ ಪತ್ರ ಬರೆಸೋಕೆ ಬಂದಾಗ ನಮ್ಮ ಹಿರಿಯ ಕಾರ್ಯಕರ್ತರು ಏನು ಹೇಳಿಕೊಟ್ಟಿದ್ದಾರೆ? “ಓದಿ ಹೇಳದೆ ಹೆಬ್ಬೆಟ್ಟು ಒತ್ತಬೇಡ.” ಅದೇ ಮಾತು ಏರ್‌ಪೋರ್ಟಿಗೂ ಅನ್ವಯಿಸುತ್ತೆ.

ವಕೀಲ ಗೆಳೆಯರೇ, ನಿಮ್ಮ ನಿಮ್ಮ ಜಿಲ್ಲೆಯಲ್ಲಿ ಇಂಥ ದೂರು ಬರೆದುಕೊಡೋಕೆ ತಯಾರಿದ್ದರೆ ಕಾಮೆಂಟಲ್ಲಿ ಜಿಲ್ಲೆಯ ಹೆಸರು ಹಾಕಿ. ಹೀಗೆ ಸೀಟು ಕಳಕೊಂಡವರು ಯಾರಾದರೂ ಇದ್ದರೆ ಇನ್‌ಬಾಕ್ಸಿಗೆ ಬನ್ನಿ, 2 ವರ್ಷ ಆಗಿಲ್ಲ ಅಂದ್ರೆ ಇನ್ನೂ ಸಮಯ ಇದೆ.

ಜೈ ಭೀಮ್. ಜೈ ಸಂವಿಧಾನ.